ಪುಟ್ಟು ಪಾಸಾದ ಮೇಲೆ

ಹೋದ ತಿಂಗಳು ಒಂದು ಶುಕ್ರವಾರ. ಊಟ ಮುಗಿಸಿ ಸೀಟಿಗೆ ಬಂದ್ರೆ ನನ್ನ ಕೀಬೋರ್ಡ್ ಮೇಲೆ ಎರಡು ಟಿಕೆಟ್, ಜೊತೆಗೊಂದು ಹಳದಿ ಚೀಟಿ. 'ನಾಳೆ ಬರ್ಲೇಬೇಕು. ನಾನೇ ಮಾಧು' ಅಂತ ಬರೆದಿತ್ತು. ಒಂದು ಕ್ಷಣ ಅರ್ಥ ಆಗ್ಲಿಲ್ಲ. ಅಕ್ಷರ ನಮ್ಮ ಟೆಸ್ಟಿಂಗ್ ಟೀಮಿನ ಗೆಳೆಯನದು, ಆದ್ರೆ ಅವನ ಹೆಸರು ಮಾಧು ಅಲ್ಲ. ಟಿಕೆಟ್ ತಿರುಗಿಸಿ ನೋಡಿದಾಗ ಗೊತ್ತಾಯ್ತು. ನಾಟಕ 'ಟೊಳ್ಳುಗಟ್ಟಿ', ಬರೆದವರು ಟಿ.ಪಿ. ಕೈಲಾಸಂ, ಜಾಗ ಜೆ.ಸಿ. ರಸ್ತೆಯ ಎ.ಡಿ.ಎ. ರಂಗಮಂದಿರ.

ಹೆಂಡತಿ ಮಗುವನ್ನ ಕರ್ಕೊಂಡು ತವರಿಗೆ ಹೋಗಿದ್ಲು. ಹಾಗಾಗಿ ಶನಿವಾರ ಸಂಜೆ ನಾನೊಬ್ಬನೇ ಹೊರಟೆ. ಟೌನ್ ಹಾಲ್ ಹತ್ರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮೊದಲ ಬೆಲ್ಲಿಗೆ ಸರಿಯಾಗಿ ಒಳಗೆ ಹೋದೆ. ಎರಡನೇ ಟಿಕೆಟ್ಟಿನ ಸೀಟಿನ ಮೇಲೆ ಲ್ಯಾಪ್‌ಟಾಪ್ ಬ್ಯಾಗ್ ಕೂರಿಸಿದೆ. ಶನಿವಾರ ನಾಟಕಕ್ಕೆ ಬರುವಾಗ್ಲೂ ಲ್ಯಾಪ್‌ಟಾಪ್ ಯಾಕೆ ಅಂತ ನೀವು ಕೇಳಬಾರದು. ನಮ್ಮ ಉದ್ಯೋಗದಲ್ಲಿರೋರಿಗೆ ಅದು ಜನಿವಾರ ಇದ್ದ ಹಾಗೆ.

ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತೆ. ಒಂದು ಮಧ್ಯಮ ವರ್ಗದ ಮನೆ, ಇಬ್ಬರು ಗಂಡುಮಕ್ಕಳು. ಪುಟ್ಟು ಪರೀಕ್ಷೆಯಲ್ಲಿ ಗೆಲ್ಲೋನು, ಮಾಧು ಸೋಲೋನು. ಅಪ್ಪನಿಗೆ ಪುಟ್ಟು ಅಂದ್ರೆ ಪ್ರಾಣ, ಮಾಧು ಅಂದ್ರೆ ತಲೆನೋವು. ಮನೆಯವರಿಗೆ ಕಷ್ಟ ಬಂದಾಗ, ಕೊನೆಗೆ ಮನೆಗೇ ಬೆಂಕಿ ಬಿದ್ದಾಗ, ಪುಟ್ಟುವಿನ ಓದು ಯಾರ ಉಪಯೋಗಕ್ಕೂ ಬರೋದಿಲ್ಲ, ಮಾಧುವಿನ ಕೈ ಬರುತ್ತೆ. ಯಾರು ಟೊಳ್ಳು, ಯಾರು ಗಟ್ಟಿ ಅನ್ನೋದು ಆಗ ಗೊತ್ತಾಗುತ್ತೆ. ನಾಟಕಕ್ಕೆ ಇನ್ನೊಂದು ಹೆಸರೂ ಇದೆ: 'ಮಕ್ಕಳಿಸ್ಕೂಲ್ ಮನೇಲಲ್ವೇ?' ಈ ಎರಡನೇ ಹೆಸರನ್ನ ನಾವು ಅಷ್ಟಾಗಿ ನೆನಪಿಟ್ಟುಕೊಳ್ಳೋದಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ನಾಟಕ ಹವ್ಯಾಸಿಗಳದ್ದೇ, ಅದರಲ್ಲಿ ಅನುಮಾನ ಬೇಡ. ಅಪ್ಪನ ಪಾತ್ರಧಾರಿಯ ಮೀಸೆ ಎರಡನೇ ದೃಶ್ಯಕ್ಕೇ ಒಂದು ಕಡೆ ಎದ್ದಿತ್ತು. ಯಾರೋ ಸೈಡ್‌ವಿಂಗಿನಿಂದ ಮಾತು ನೆನಪಿಸಿದ್ದು ಮೂರನೇ ಸಾಲಿಗೂ ಕೇಳಿಸ್ತು. ಬೆಂಕಿ ಅಂತ ಎಲ್ಲರೂ ಕೂಗಿ ಓಡಾಡಿದ ಮೇಲೆ ಕೆಂಪು ಲೈಟ್ ಬಂತು. ಜನ ನಕ್ಕರು, ಆದ್ರೆ ಯಾರೂ ಗೇಲಿ ಮಾಡ್ಲಿಲ್ಲ. ವೇದಿಕೆ ಮೇಲಿದ್ದೋರು ಹಗಲೆಲ್ಲ ಬ್ಯಾಂಕಿನಲ್ಲೋ ಆಫೀಸಿನಲ್ಲೋ ದುಡಿದು ರಾತ್ರಿ ರಿಹರ್ಸಲ್ ಮಾಡಿದೋರು ಅಂತ ಕೂತಿದ್ದ ಎಲ್ರಿಗೂ ಗೊತ್ತಿತ್ತು. ನನ್ನ ಗೆಳೆಯ ಮಾತ್ರ ನಿಜಕ್ಕೂ ಮಾಧುವೇ ಆಗಿಬಿಟ್ಟಿದ್ದ. ಮೀಟಿಂಗಿನಲ್ಲಿ ಬಾಯಿ ಬಿಡದ ಹುಡುಗ ಇವನೇನಾ ಅನ್ನಿಸ್ತು.

ನನ್ನನ್ನ ಯೋಚನೆಗೆ ಹಚ್ಚಿದ್ದು ನಾಟಕಕ್ಕಿಂತ ನಮ್ಮ ನಗು. ಪುಟ್ಟುವಿನ ಪುಸ್ತಕದ ಹುಚ್ಚು ನೋಡಿ ಹಾಲ್ ತುಂಬ ಜನ ನಗ್ತಿದ್ರು. ಸುತ್ತ ನೋಡಿದೆ. ಬಹುಪಾಲು ನಮ್ಮ ಥರದೋರೇ: ಸಿಇಟಿ ರ‍್ಯಾಂಕಿನಿಂದ ಸೀಟು, ಸೀಟಿನಿಂದ ಕ್ಯಾಂಪಸ್ ಇಂಟರ್‌ವ್ಯೂ, ಅಲ್ಲಿಂದ ಫ್ಲಾಟು. ಹಾಲಿನಲ್ಲಿ ಕೂತಿದ್ದೋರೆಲ್ಲ ಪುಟ್ಟುಗಳೇ. ಆದ್ರೆ ಪ್ರತಿಯೊಬ್ಬರೂ ತಾನು ಮಾಧು ಅಂದ್ಕೊಂಡು ನಗ್ತಿದ್ವಿ. ಇದು ಹೇಗೆ ಸಾಧ್ಯ ಆಯ್ತು? ಮನೆಗೆ ಬಂದ ಮೇಲೆ ಒಂದೆರಡು ವಾರ ಈ ನಾಟಕದ ಕಾಲದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದನ್ನೇ ಇಲ್ಲಿ ಹಂಚಿಕೊಳ್ತಿದ್ದೀನಿ.

ನಾವು ಕೂತಿದ್ದ ರಂಗಮಂದಿರದ ಹೆಸರಿನಲ್ಲೇ ಮೊದಲ ಸುಳಿವಿದೆ. ಎ.ಡಿ.ಎ. ಅಂದ್ರೆ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್. ಶುರುವಾಗಿದ್ದು 1909ರಲ್ಲಿ, ಬೆಂಗಳೂರಿನಲ್ಲಿ. ಅದಕ್ಕೂ ಮುಂಚೆ ನಮ್ಮ ಕಡೆ ನಾಟಕ ಅಂದ್ರೆ ಕಂಪನಿ ನಾಟಕ. ಮೈಸೂರಿನಲ್ಲಿ ಅರಮನೆಯ ಆಶ್ರಯದ ನಾಟಕ ಸಭೆ ಇತ್ತು. 1884ರಲ್ಲಿ ಶುರುವಾಗಿದ್ದ ಗುಬ್ಬಿ ಕಂಪನಿ ಇತ್ತು. ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ ಇತ್ತು. ಪುರಾಣದ ಕಥೆ, ಸಾಲು ಸಾಲು ಹಾಡು, ಹಾರ್ಮೋನಿಯಂ, ಬಣ್ಣದ ಪರದೆ. ಸಂಜೆ ಶುರುವಾದ್ರೆ ಮುಗಿಯೋ ಹೊತ್ತಿಗೆ ಕೋಳಿ ಕೂಗ್ತಿತ್ತು. ನಟರಿಗೆ ಅದೇ ಹೊಟ್ಟೆಪಾಡು.

ಇಂಗ್ಲಿಷ್ ಓದಿದ ಬೆಂಗಳೂರಿನ ಜನಕ್ಕೆ ಇದರ ಜೊತೆ ಬೇರೇನೋ ಬೇಕು ಅನ್ನಿಸ್ತು. ಹಗಲು ಕೋರ್ಟು, ಕಚೇರಿ, ಕಾಲೇಜು ಅಂತ ಇದ್ದೋರು ಸಂಜೆ ಸೇರಿ, ದುಡ್ಡಿಗಲ್ಲದೆ ಖುಷಿಗೆ ನಾಟಕ ಆಡೋಕೆ ಶುರು ಮಾಡಿದ್ರು. ಬಳ್ಳಾರಿ ರಾಘವ ಎಂಥ ದೊಡ್ಡ ನಟ! ಅವರೂ ವೃತ್ತಿಯಲ್ಲಿ ವಕೀಲರೇ. 'ಹವ್ಯಾಸಿ ರಂಗಭೂಮಿ' ಅಂತ ನಾವು ಕರೆಯೋದು ಬೆಳೆದಿದ್ದು ಹೀಗೆ. ಅಂದ್ರೆ ಇದು ಹುಟ್ಟಿದಾಗಿನಿಂದಲೂ ಪರೀಕ್ಷೆ ಪಾಸಾದೋರ ರಂಗಭೂಮಿಯೇ. ಹೊಟ್ಟೆಪಾಡಿಗೆ ಬೇರೆ ಕೆಲಸ ಇರೋನು ಮಾತ್ರ ಹವ್ಯಾಸಿ ಆಗೋಕೆ ಸಾಧ್ಯ.

ಈ ಹವ್ಯಾಸಿಗಳಿಗೆ ಒಂದು ಕೊರತೆ ಇತ್ತು. ಆಡೋಕೆ ತಮ್ಮದೇ ಜೀವನದ ನಾಟಕ ಇರಲಿಲ್ಲ. ಪುರಾಣ ಬಿಟ್ಟರೆ ಶೇಕ್ಸ್‌ಪಿಯರ್, ಅದು ಬಿಟ್ಟರೆ ಸಂಸ್ಕೃತದಿಂದ ಬಂದದ್ದು. ಮನೆಯ ನಡುಮನೆ, ಒಂದು ಕುರ್ಚಿ, ಗೋಡೆಯಲ್ಲೊಂದು ಕ್ಯಾಲೆಂಡರ್, ಅಪ್ಪ-ಮಗನ ಜಗಳ, ಇವೆಲ್ಲ ವೇದಿಕೆಗೆ ಬರಬಹುದು ಅಂತ ಹೆಚ್ಚು ಜನಕ್ಕೆ ಹೊಳೆದೇ ಇರಲಿಲ್ಲ. ಅಲ್ಲಿಗೆ ಬಂದದ್ದು ಕೈಲಾಸಂ.

ಕೈಲಾಸಂ ಹಿನ್ನೆಲೆ ನೋಡಿದ್ರೆ ತಮಾಷೆ ಅನ್ಸುತ್ತೆ. ಅಪ್ಪ ಟಿ. ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಮನೆಮಾತು ತಮಿಳು. ಮಗ ಮದರಾಸಿನಲ್ಲಿ ಓದಿ, ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸಿಗೆ ಭೂವಿಜ್ಞಾನ ಓದೋಕೆ ಹೋದರು. ಅಲ್ಲಿ ಕಲ್ಲು ಮಣ್ಣು ಓದಿದಷ್ಟೇ ಶ್ರದ್ಧೆಯಿಂದ ಥಿಯೇಟರ್‌ಗಳನ್ನೂ ಸುತ್ತಿದರು. 1915ರ ಹೊತ್ತಿಗೆ ವಾಪಸು ಬಂದು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸೇರಿದರು. ಆಗಿನ ಕಾಲಕ್ಕೆ ಇದಕ್ಕಿಂತ ದೊಡ್ಡ ಪುಟ್ಟು ಸಿಕ್ಕೋದು ಕಷ್ಟ. ಆದ್ರೆ ಕೆಲವೇ ವರ್ಷದಲ್ಲಿ ಆ ಕೆಲಸ ಬಿಟ್ಟು ನಾಟಕ, ಗೆಳೆಯರು, ಸಿಗರೇಟು ಅಂತ ಉಳಿದುಬಿಟ್ಟರು. ನಾಟಕಗಳನ್ನ ತಾವು ಕೂತು ಬರೆದದ್ದು ಕಡಿಮೆ. ಅವರು ಹೇಳ್ತಾ ಹೋದ್ರೆ ಪಕ್ಕದಲ್ಲಿದ್ದ ಗೆಳೆಯರು, ಶಿಷ್ಯರು ಬರ್ಕೊಳ್ತಿದ್ರು. 'ಪೋಲಿ ಕಿಟ್ಟಿ', 'ಬಂಡ್ವಾಳ್ವಿಲ್ಲದ ಬಡಾಯಿ', 'ಹೋಂ ರೂಲು' ಎಲ್ಲ ಬಾಯಿಮಾತಿನ ಹಾಗೇ ಇರೋದಕ್ಕೆ ಇದೂ ಒಂದು ಕಾರಣ ಇರಬೇಕು.

ಆ ಭಾಷೆ ನೋಡಿ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಎರಡನ್ನೂ ಕಚ್ಚಿ ಅಗಿದು ಉಗುಳಿದ ಹಾಗೆ ಮಾತು. ಕಂಪನಿ ನಾಟಕದ ರಾಜರು ಗ್ರಂಥದ ಕನ್ನಡ ಮಾತಾಡ್ತಿದ್ದ ಕಾಲದಲ್ಲಿ ಇದು ಬೆಂಗಳೂರಿನ ಓದಿದ ಬ್ರಾಹ್ಮಣ ಮನೆಗಳ ಅಡುಗೆಮನೆ, ಜಗಲಿಯ ಮಾತು. ನಾವು ಇವತ್ತು ಆಫೀಸಿನಲ್ಲಿ 'ಅದನ್ನ ಡಿಪ್ಲಾಯ್ ಮಾಡಿ, ಇದನ್ನ ರೋಲ್‌ಬ್ಯಾಕ್ ಮಾಡಿ' ಅಂತೀವಲ್ಲ, ಆ ಕಲಬೆರಕೆಗೆ ನೂರು ವರ್ಷದ ಇತಿಹಾಸ ಇದೆ, ಅದಕ್ಕೆ ರಂಗದ ಮೇಲೆ ಮರ್ಯಾದೆ ಕೊಟ್ಟವರೂ ಇದ್ದಾರೆ ಅಂತ ಗೊತ್ತಾದಾಗ ನನಗೆ ಸ್ವಲ್ಪ ಸಮಾಧಾನ ಆಯ್ತು. ಮುಂದೆ 1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಇದೇ ಕೈಲಾಸಂ ಅಧ್ಯಕ್ಷರಾದರು. ಮಾರನೇ ವರ್ಷ ತೀರಿಕೊಂಡರು.

ಈಗ ಕಾಲಕ್ಕೆ ಬರೋಣ. 'ಟೊಳ್ಳುಗಟ್ಟಿ' ಹುಟ್ಟಿದ್ದು ಸುಮಾರು 1918ರ ಆಸುಪಾಸು. ಆಗ ಮೈಸೂರು ಸಂಸ್ಥಾನದಲ್ಲಿ ಏನಾಗ್ತಿತ್ತು? 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಯ್ತು. ಮಾರನೇ ವರ್ಷ ಬೆಂಗಳೂರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು. ನಾವು ಯುವಿಸಿಇ ಅನ್ನೋದು ಅದನ್ನೇ. ದಿವಾನರು ವಿಶ್ವೇಶ್ವರಯ್ಯ. ಡಿಗ್ರಿ ಅನ್ನೋದು ನಮ್ಮ ನೆಲದಲ್ಲೇ ಅಚ್ಚಾಗೋಕೆ ಆಗ ತಾನೇ ಶುರುವಾಗಿತ್ತು. ಡಿಗ್ರಿ ಇದ್ದರೆ ಸರ್ಕಾರಿ ಹುದ್ದೆ, ಹುದ್ದೆ ಇದ್ದರೆ ಸಂಬಳ, ಪಿಂಚಣಿ, ಮಾನ. ಒಂದು ಪರೀಕ್ಷೆಯ ಫಲಿತಾಂಶ ಇಡೀ ಮನೆಯ ಹಣೆಬರಹ ಆಗೋ ಪದ್ಧತಿ ಗಟ್ಟಿಯಾಗ್ತಿದ್ದ ಕಾಲ ಅದು. ಮನೆಗಳು ಕೋಚಿಂಗ್ ಸೆಂಟರ್ ಆಗ್ತಿರೋದನ್ನ ಕೈಲಾಸಂ ಆಗಲೇ ನೋಡಿಬಿಟ್ಟಿದ್ದರು.

ಅದೇ ಹೊತ್ತಿನಲ್ಲಿ ಇನ್ನೊಂದು ಮಾತು ಎದ್ದಿತ್ತು. ಆ ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರೇ ಇದ್ದರು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿ, ಉಳಿದ ಸಮುದಾಯಗಳಿಗೂ ಪಾಲು ಬೇಕು ಅಂತ ಕೇಳಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಬರೀ ಪರೀಕ್ಷೆಯ ಅಂಕವೇ ಅರ್ಹತೆ ಆಗಬೇಕಾ ಅನ್ನೋ ವಿಷಯದಲ್ಲಿ ಮಹಾರಾಜರಿಗೂ ದಿವಾನರಿಗೂ ಅಭಿಪ್ರಾಯ ಬೇರೆಯಾಯ್ತು. ಆ ವರ್ಷದ ಕೊನೆಯಲ್ಲೇ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. ಮಿಲ್ಲರ್ ಸಮಿತಿ 1919ರಲ್ಲಿ ಕೊಟ್ಟ ವರದಿ ಹಿಂದುಳಿದವರಿಗೆ ಓದಿನಲ್ಲಿ, ಕೆಲಸದಲ್ಲಿ ಬಾಗಿಲು ತೆರೆಯೋಕೆ ಶಿಫಾರಸು ಮಾಡಿತು.

ಹೀಗೆ ನೋಡಿದ್ರೆ ಒಂದು ವಿಚಿತ್ರ ಕಾಣುತ್ತೆ. ನಗರದ ಓದಿದ ಮನೆಯೊಳಗೆ ಕೂತ ನಾಟಕಕಾರ 'ಪರೀಕ್ಷೆಯಲ್ಲಿ ಏನಿದೆ ಮಣ್ಣು' ಅಂತ ನಗ್ತಿದ್ದ ಹೊತ್ತಿಗೇ, ಆ ಮನೆಯ ಹೊರಗೆ ಜನ 'ನಮ್ಮನ್ನೂ ಪರೀಕ್ಷೆ ಕಟ್ಟೋ ಹಂತಕ್ಕೆ ತಲುಪಿಸಿ' ಅಂತ ಅರ್ಜಿ ಹಿಡಿದು ನಿಂತಿದ್ರು. ಇಬ್ಬರೂ ಸುಳ್ಳು ಹೇಳ್ತಿರಲಿಲ್ಲ. ಮೂರು ತಲೆಮಾರು ಓದಿದ ಮನೆಗೆ ಓದು ಹೊರೆಯಾಗಿ ಕಾಣಬಹುದು, ಓದೇ ಇಲ್ಲದ ಮನೆಗೆ ಅದು ಏಣಿ. ಕೈಲಾಸಂ ತಮ್ಮವರನ್ನೇ ಗೇಲಿ ಮಾಡಿದರು, ಅದು ಅವರ ದೊಡ್ಡತನ. ಆದ್ರೆ ನಾಟಕದ ನಡುಮನೆಗೆ ಕಿಟಕಿ ಕಡಿಮೆ. ಹೊರಗೆ ನಿಂತೋರು ಅಲ್ಲಿಂದ ಕಾಣೋದಿಲ್ಲ.

ನಾನು ಆ ಹೊರಗೆ ನಿಂತೋರ ಮೊಮ್ಮಗ. ತುರುವೇಕೆರೆ ಕಡೆಯ ಒಂದು ಹಳ್ಳಿ ನಮ್ಮದು. ತೆಂಗು, ರಾಗಿ, ಎರಡು ಹಸು. ನಮ್ಮ ಮನೇಲೂ ಇಬ್ಬರು ಗಂಡುಮಕ್ಕಳು. ಅಣ್ಣ ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾದ. ಮತ್ತೆ ಕಟ್ಟಿದ್ರೆ ಪಾಸಾಗ್ತಿದ್ದ, ಅಂಥ ದಡ್ಡ ಏನಲ್ಲ. ಆದ್ರೆ ಆ ವರ್ಷ ಕೊಳವೆಬಾವಿ ಬತ್ತಿ ತೋಟಕ್ಕೆ ಟ್ಯಾಂಕರ್ ನೀರು ಹೊಡೆಸೋ ಗತಿ ಬಂತು. ಅಪ್ಪನಿಗೆ ಒಂದು ಕೈ ಬೇಕಿತ್ತು. ಅಣ್ಣ ಪುಸ್ತಕ ಮೇಲಿಟ್ಟು ತೋಟಕ್ಕೆ ಇಳಿದ. ಮೂರು ವರ್ಷ ಆದ ಮೇಲೆ ನಾನು ಸಿಇಟಿ ಬರೆದೆ, ಬಿ.ಇ. ಸೀಟು ಸಿಕ್ತು. ಹಾಸ್ಟೆಲ್ ಫೀಸು ಕೊಬ್ಬರಿ ಮಾರಿ ಕಟ್ಟಿದ್ದು. ಆ ಕೊಬ್ಬರಿ ಸುಲಿದ ಕೈ ಅಣ್ಣನದು.

ಕೈಲಾಸಂ ನಾಟಕದಲ್ಲಿ ಪುಟ್ಟುವೂ ಮಾಧುವೂ ಸ್ವಭಾವದಿಂದಲೇ ಬೇರೆ ಬೇರೆ. ನಮ್ಮ ಮನೇಲಿ ಹಾಗಲ್ಲ. ಮಾಧು ತೋಟದಲ್ಲಿ ನಿಂತಿದ್ದಕ್ಕೇ ಪುಟ್ಟು ಪಾಸಾಗಿದ್ದು. ಹಳ್ಳಿಯಿಂದ ಬಂದ ನಿಮ್ಮ ಪರಿಚಯದ ಯಾರನ್ನಾದ್ರೂ ಕೇಳಿ ನೋಡಿ. ಪ್ರತಿಯೊಬ್ಬನ ಹಿಂದೆ ಒಬ್ಬ ಅಣ್ಣನೋ, ಓದು ಬಿಡಿಸಿ ಮದುವೆ ಮಾಡಿದ ಅಕ್ಕನೋ ಇದ್ದೇ ಇರ್ತಾರೆ.

ನಾಟಕದ ವಿಷಯಕ್ಕೇ ಬಂದ್ರೂ ಅಣ್ಣ ನನಗಿಂತ ಮುಂದೆ. ನಮ್ಮೂರಿನಲ್ಲಿ ಎರಡು ಮೂರು ವರ್ಷಕ್ಕೊಮ್ಮೆ 'ಕುರುಕ್ಷೇತ್ರ' ಆಡ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಲಿಸ್ತಾರೆ. ಪಾತ್ರಕ್ಕೆ ತಕ್ಕ ಹಾಗೆ ಪಾತ್ರಧಾರಿಗಳೇ ದುಡ್ಡು ಹಾಕಬೇಕು. ಕೃಷ್ಣ, ದುರ್ಯೋಧನನಿಗೆ ಹೆಚ್ಚು, ಸೈನಿಕನಿಗೆ ಕಮ್ಮಿ. ಸೀನರಿ, ಡ್ರೆಸ್ಸು ಬಾಡಿಗೆಗೆ ತರೋದು. ನೆಂಟರು ಸ್ಟೇಜಿಗೆ ಹತ್ತಿ ನೋಟಿನ ಹಾರ ಹಾಕೋದು. ಅಣ್ಣ ಎರಡು ಸಲ ಭೀಮ ಆಗಿದಾನೆ. ಗುಬ್ಬಿ ಕಂಪನಿಯ ಕಾಲದ ಮಟ್ಟು, ಪರದೆ, ಕಿರೀಟ ಎಲ್ಲ ನಗರದಲ್ಲಿ ಹಿಂದೆ ಸರಿದ ಮೇಲೂ ನಮ್ಮೂರುಗಳಲ್ಲಿ ಹೀಗೆ ಬದುಕಿವೆ.

ಇವರೂ ಹಗಲು ಬೇರೆ ಕೆಲಸ ಮಾಡಿ ರಾತ್ರಿ ಆಡೋರೇ, ದುಡ್ಡು ತಗೊಳ್ಳೋದಿರಲಿ, ಕೈಯಿಂದ ಹಾಕೋರೇ. ಆದ್ರೆ ಹವ್ಯಾಸಿ ರಂಗಭೂಮಿ ಅಂತ ಮಾತು ಬಂದ್ರೆ ನಮಗೆ ನೆನಪಾಗೋದು ಎ.ಡಿ.ಎ., ಕೈಲಾಸಂ, ಆಮೇಲೆ 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಬಯಲಲ್ಲಿ ಬಿ.ವಿ. ಕಾರಂತರು ಮಾಡಿಸಿದ 'ಜೋಕುಮಾರಸ್ವಾಮಿ'ಯಂಥ ನಾಟಕಗಳು, 2004ರಲ್ಲಿ ಬಂದ ರಂಗಶಂಕರ. ಊರಿನ ಭೀಮ ಆ ಪಟ್ಟಿಯಲ್ಲಿ ಇರೋದಿಲ್ಲ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನ ಹೆಸರು ಮಾತ್ರ ಬರೆದಿಟ್ಟ ಹಾಗೆ ಇದೂ.

ಈಗ ಬೆಂಕಿಯ ವಿಷಯ. ನಮ್ಮ ಮನೆಗೆ ಬಿದ್ದದ್ದು ಬೇರೆ ಥರದ ಬೆಂಕಿ. ನಾಲ್ಕು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೀತು. ಅವತ್ತು ರಾತ್ರಿ ನಮ್ಮ ಪ್ರಾಜೆಕ್ಟಿನ ರಿಲೀಸ್. ಫೋನ್ ಸೈಲೆಂಟ್ ಮಾಡಿ ಕಾಲ್‌ನಲ್ಲಿ ಕೂತಿದ್ದೆ. ಬೆಳಗಿನ ಜಾವ ನೋಡಿದ್ರೆ ಅಣ್ಣನ ಹನ್ನೊಂದು ಮಿಸ್ಡ್ ಕಾಲ್. ಅಷ್ಟೊತ್ತಿಗೆ ಅವನು ಪಕ್ಕದ ಮನೆಯವರ ಓಮ್ನಿಯಲ್ಲಿ ಅಪ್ಪನ್ನ ಮಲಗಿಸಿಕೊಂಡು ತುಮಕೂರು ತಲುಪಿ, ಸೇರಿಸಿ ಆಗಿತ್ತು. ತಡ ಮಾಡದೆ ತಂದಿದ್ದಕ್ಕೆ ಉಳಿದ್ರು ಅಂದ್ರು ಡಾಕ್ಟ್ರು. ನಾನು ಎಂಟೂವರೆಗೆ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೋಗಿ ನಿಂತೆ.

ನಾಟಕ ಇಲ್ಲಿಗೆ ಮುಗಿಯಬೇಕಿತ್ತು. ಆದ್ರೆ ಮೂರನೇ ದಿನ ಬಿಲ್ ಬಂತು. ಅದನ್ನ ಕಟ್ಟಿದ್ದು ನನ್ನ ಕಂಪನಿಯ ಇನ್ಶೂರೆನ್ಸ್, ಅಂದ್ರೆ ನನ್ನ ಸರ್ಟಿಫಿಕೇಟು. ಕೈಲಾಸಂ ಬೆಂಕಿ ಹಚ್ಚಿದ್ರು, ಬೆಂಕಿ ಆರಿದ ಮೇಲಿನ ಬಿಲ್ ತೋರಿಸ್ಲಿಲ್ಲ. ಗಟ್ಟಿ ಮಾತ್ರ ಇದ್ದು ಟೊಳ್ಳು ಇಲ್ಲದಿದ್ರೆ ನಾವು ಒಂದೆಕರೆ ತೋಟ ಮಾರಬೇಕಾಗ್ತಿತ್ತು.

ಹಾಗಾದ್ರೆ ನಾಟಕ ಸುಳ್ಳಾ ಅಂತ ಬಹಳ ಯೋಚನೆ ಮಾಡಿದೆ. ಇಲ್ಲ. ಯಾಕಂದ್ರೆ ಅಪ್ಪ ಮನೆಗೆ ಬಂದ ಮೇಲೆ ನೆಂಟರು ನೋಡೋಕೆ ಬಂದ್ರು. ಬಂದೋರೆಲ್ಲ ನನ್ನ ಕೈ ಹಿಡ್ಕೊಂಡು 'ನೀನಿದ್ದಿದ್ದಕ್ಕೆ ಅಪ್ಪ ಉಳಿದ' ಅಂದ್ರು. ಅಣ್ಣ ಅಲ್ಲೇ ಕಾಫಿ ಲೋಟ ಹಂಚ್ತಿದ್ದ. ಅಪ್ಪನೂ ಸೊಟ್ಟ ಬಾಯಲ್ಲೇ ನನ್ನ ಕಡೆ ತೋರಿಸಿ ಏನೋ ಹೆಮ್ಮೆಯಿಂದ ಹೇಳಿದ್ರು. ನಾನು 'ಇಲ್ಲ, ಕರ್ಕೊಂಡು ಹೋಗಿದ್ದು ಅಣ್ಣ' ಅನ್ನಬೇಕಿತ್ತು. ಅನ್ನಲಿಲ್ಲ. ಕಾಫಿ ಕುಡಿದೆ.

ಅದಕ್ಕೇ ನಾಟಕದ ಎರಡನೇ ಹೆಸರು ಮುಖ್ಯ ಅಂದಿದ್ದು. ಮಕ್ಕಳಿಸ್ಕೂಲ್ ಮನೇಲಲ್ವೇ? ಪುಟ್ಟು ಟೊಳ್ಳಾಗಿ ಹುಟ್ಟಿರಲಿಲ್ಲ. ಯಾವುದಕ್ಕೆ ಬೆಲೆ ಅಂತ ಅವನಿಗೆ ಕಲಿಸಿದ್ದು ಮನೆಯ ತಕ್ಕಡಿ. ಬಿಲ್ ಕಟ್ಟಿದ್ದನ್ನ ತೂಗಿ, ಎತ್ತಿಕೊಂಡು ಓಡಿದ್ದನ್ನ ತೂಗದ ತಕ್ಕಡಿ. 1918ರಲ್ಲಿ ಹುದ್ದೆ, ಪಿಂಚಣಿ ತೂಗ್ತಿತ್ತು, ಈಗ ಪ್ಯಾಕೇಜ್, ಆನ್‌ಸೈಟ್ ತೂಗುತ್ತೆ. ಓದು ತಪ್ಪಲ್ಲ. ಓದಿದೋನ ಕಡೆಗೆ ಮಾತ್ರ ಮನೆ ವಾಲೋದು ತಪ್ಪು. ಆ ವಾಲಿದ ಮನೇಲಿ ಬೆಚ್ಚಗೆ ಕೂತ ನಮಗೆ ಅದು ವಾಲಿರೋದು ಗೊತ್ತಾಗೋದೇ ಇಲ್ಲ. ಹಾಲಿನಲ್ಲಿ ನಾವೆಲ್ಲ ಮಾಧು ಅಂದ್ಕೊಂಡು ನಕ್ಕಿದ್ದು ಹೇಗೆ ಅಂತ ಆಗಲೇ ಕೇಳಿದ್ನಲ್ಲ, ಬಹುಶಃ ಹೀಗೆ.

ನಾಟಕ ಮುಗಿದ ಮೇಲೆ ಗೆಳೆಯನ ಬೆನ್ನು ತಟ್ಟಿ ಹೊರಗೆ ಬಂದು, ಜೆ.ಸಿ. ರಸ್ತೆಯಲ್ಲಿ ನಿಂತೇ ಅಣ್ಣನಿಗೆ ಫೋನ್ ಮಾಡಿದೆ. ಕಥೆ ಹೇಳಿದೆ. ನೆಂಟರು ಬಂದ ದಿನದ ಮಾತೂ ಹೇಳಿದೆ, ತಡವರಿಸಿಕೊಂಡು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ: 'ಬೆಂಕಿ ಸೀನು ಹೆಂಗ್ ಮಾಡಿದ್ರು?'

ಕೆಂಪು ಲೈಟು, ಅದೂ ತಡವಾಗಿ ಬಂತು ಅಂದೆ. ಜೋರಾಗಿ ನಕ್ಕ. 'ನಮ್ಮೂರಾಗಾಗಿದ್ರೆ ಸೀಮೆಎಣ್ಣೆ ಪಂಜೇ ಹಚ್ಚಿರೋರು ಕಣ್ಲಾ' ಅಂದ. ಈ ಸಲ ಯುಗಾದಿ ಆದ್ಮೇಲೆ ಮತ್ತೆ ಕುರುಕ್ಷೇತ್ರ ಕಲಿಯೋಕೆ ಶುರು ಮಾಡ್ತಾರಂತೆ, ನಕುಲನ ಪಾತ್ರ ಖಾಲಿ ಐತಂತೆ. 'ಮಾತು ಕಮ್ಮಿ, ನಿಂಗಾಯ್ತದೆ. ಆದ್ರೆ ಮೂರ್ ತಿಂಗ್ಳು ರಾತ್ರಿ ಬರ್ಬೇಕು' ಅಂದ. ಶನಿವಾರ, ಭಾನುವಾರ ಮಾತ್ರ ಬಂದ್ರೆ ಮೇಷ್ಟ್ರು ಒಪ್ತಾರಾ ಕೇಳು ಅಂದಿದೀನಿ. ಕೇಳ್ತೀನಿ ಅಂದಿದಾನೆ.

ನಿಮ್ಮ ಏರಿಯಾದಲ್ಲಿ ಯಾರಾದ್ರೂ 'ಟೊಳ್ಳುಗಟ್ಟಿ' ಆಡಿದ್ರೆ ತಪ್ಪದೆ ಹೋಗಿ. ಮೀಸೆ ಬಿದ್ರೂ ಪರವಾಗಿಲ್ಲ. ಎರಡು ಟಿಕೆಟ್ ತಗೊಳ್ಳಿ. ಎರಡನೇ ಸೀಟಿಗೆ ಲ್ಯಾಪ್‌ಟಾಪ್ ಬ್ಯಾಗ್ ಬೇಡ. ನಿಮ್ಮನ್ನ ಓದಿಸೋಕೆ ತಾನು ಓದು ಬಿಟ್ಟೋರು ಯಾರಿದ್ದಾರೋ ಅವರನ್ನ ಕರ್ಕೊಂಡು ಹೋಗಿ.